ಎಡಗೈಗೆ ಇಟ್ಟ ತುತ್ತು

ಭಾನುವಾರ, ಮಧ್ಯಾಹ್ನ

ಮುದ್ದಿನ ಪುಟ್ಟಿ,

ಹೇಗಿದ್ದೀಯೆ? ನೀನು ನಮ್ಮ ಹೋಟೆಲಿಗೆ ಬಂದುಹೋದ ಮೇಲೆ ಈ ಸೋಮಾರಿ ಅಕ್ಕ ಒಂದು ಸಾಲೂ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಯಾವುದಾದರೊಂದು ಚಾಕು ಮಸೆಯುವುದು ನೆನಪಾಗುತ್ತಿತ್ತು. ಕೇಳಬೇಕಾದದ್ದು ಒಂದೇ ಮಾತು: ನಿನ್ನ ಮದುವೆಗೆ ನಾನು ಬರಲೇ?

ನಿನ್ನ ಹುಡುಗ ನಿನಗೆ ಹೇಳದೆಯೇ ನಮ್ಮಲ್ಲಿ ಜಾಗ ಕಾದಿರಿಸಿದ್ದನೆಂದು, ಬಾಗಿಲಲ್ಲಿ ನಿನ್ನ ಮುಖ ನೋಡಿದಾಗಲೇ ತಿಳಿಯಿತು. ನಮ್ಮ ಜಪಾನಿ ಊಟದ ಕೌಂಟರಿಗೆ ಇರುವುದೇ ಎಂಟು ಕುರ್ಚಿ. ಅಡಗಿಕೊಳ್ಳುವುದಾದರೂ ಎಲ್ಲಿ? ನಿನ್ನ ಭಾವೀ ಮಾವ ಮೊದಲ ತುತ್ತನ್ನೇ ಕಣ್ಣು ಮುಚ್ಚಿ ಸವಿದರು. ಅತ್ತೆ ಅನ್ನದ ತುತ್ತಿನ ಮೇಲಿನ ಹಸಿ ಮೀನನ್ನು ಅನುಮಾನದಿಂದ ನೋಡಿ, ತಿಂದು, ಇನ್ನೊಂದು ಕೇಳಿದರು. ಹುಡುಗ ಮಾತ್ರ ಊಟ ಬಿಟ್ಟು ನಿನ್ನನ್ನೇ ನೋಡುತ್ತಿದ್ದ, ಬಡಪಾಯಿ! ಒಳ್ಳೆಯ ಜನ, ಪುಟ್ಟಿ. ನನಗೆ ಹಿಡಿಸಿದರು.

ನೀನು ಗುರುತಿಲ್ಲದವಳಂತೆ ಕೂತೆ. ಅಪ್ಪನ ಮಾತು ಮೀರಿ ಮನೆ ಬಿಟ್ಟು, ಮೀನು ಕೊಯ್ಯುವವಳಾದ ಅಕ್ಕನನ್ನು ಹೊಸ ನೆಂಟರಿಗೆ ಏನೆಂದು ತೋರಿಸುತ್ತೀಯೆ? ನಾನೂ ಬಾಯಿ ಹೊಲಿದುಕೊಂಡೆ. ಆದರೆ ಕೈ ಕೇಳಬೇಕಲ್ಲ! ಬಂದವರು ಯಾವ ಕೈಯಲ್ಲಿ ತಿನ್ನುತ್ತಾರೆಂದು ಮೊದಲ ತುತ್ತಿನಲ್ಲಿ ನೋಡಿಕೊಂಡು, ಎರಡನೆಯದನ್ನು ಆ ಕೈಯತ್ತ ಓರೆಯಾಗಿ ಇಡುವುದು ನಮ್ಮ ಪದ್ಧತಿ. ನಿನಗೆ ಮೊದಲನೆಯದನ್ನೇ ಎಡಗೈಯತ್ತ ಇಟ್ಟುಬಿಟ್ಟೆ. ನೀನು ಬೆಚ್ಚಿ, ಬಲಗೈಯಲ್ಲಿ ಎತ್ತಲು ಹೋಗಿ ಅನ್ನವೆಲ್ಲ ಉದುರಿಸಿದೆ.

"ಇವಳು ಎಡಗೈಯವಳು ಅಂತ ನಿಮಗೆ ಹೇಗಮ್ಮ ಗೊತ್ತಾಯ್ತು?" ಎಂದು ಅತ್ತೆ ಕೇಳಿದರು.

"ಅಂದಾಜು, ಅಷ್ಟೇ" ಎಂದೆ. ಪಕ್ಕದಲ್ಲಿದ್ದ ನಮ್ಮ ಹಿರಿಯ ಬಾಣಸಿಗರು ಹುಬ್ಬೇರಿಸಿದರು. ಎಲ್ಲರೂ ಹೋದ ಮೇಲೆ, "ನೀನು ಅಂದಾಜಿನ ಮೇಲೆ ಕೆಲಸ ಮಾಡೋಳಲ್ಲ. ಯಾರು ಆ ಹುಡುಗಿ?" ಎಂದರು. ಕಣ್ಣು ತುಂಬಿ ಬಂತು. ಮೀನು ಕೊಯ್ಯುವ ಹಲಗೆ ತೊಳೆದೆ.

ಮದುವೆಗೆ ರಜಾ ಸಿಕ್ಕಿದೆ. ಬೇಡವೆಂದರೆ ಬರುವುದಿಲ್ಲ, ಕೋಪವೂ ಇಲ್ಲ. ಸರಿಯಾಗಿ ಊಟ ಮಾಡು, ಸೊರಗಿದ್ದೀಯೆ. ನಿಮ್ಮಿಬ್ಬರ ಬಾಳು ತಂಪಾಗಿರಲಿ.

ನಿನ್ನ,
ಅಕ್ಕ

ತಾ.ಕ.: ನೀನು ಕೈ ತೊಳೆಯಲು ಎದ್ದುಹೋದಾಗ ಅತ್ತೆ ನನ್ನತ್ತ ಬಾಗಿ, "ಇವಳಿಗೂ ಒಬ್ಬ ಅಕ್ಕ ಇದ್ಲಂತೆ, ತೀರಿಕೊಂಡುಬಿಟ್ಲಂತೆ. ಇದ್ದಿದ್ರೆ ನಿಮ್ಮಷ್ಟೇ ವಯಸ್ಸಾಗಿರೋದು, ಪಾಪ" ಎಂದರು. ನಾನೂ "ಪಾಪ" ಎಂದೆ. ಯಾವ ಕಾಯಿಲೆಯೆಂದು ಹೇಳಿದ್ದೀಯೆ, ತಿಳಿಸು. ಅವರು ಮತ್ತೆ ಬಂದು ಮಾತು ತೆಗೆದರೆ ನಾನು ಬಾಯಿ ತಪ್ಪಿ ಇನ್ನೇನಾದರೂ ಅಂದುಬಿಟ್ಟೇನು.