ಇವರ ಲಿವರಿಗೆ ಬೇರೆಯೇ ದಾರಿ

ಸರ್ಜರಿ ವಾರ್ಡು, ಕಿಟಕಿ ಪಕ್ಕದ ಹಾಸಿಗೆ
ಮಾರ್ಚ್ ೧೯, ಗುರುವಾರ

ಪ್ರೀತಿಯ ಅತ್ತಿಗೆಯವರಿಗೆ,

ನಮಸ್ಕಾರ. ಅಷ್ಟು ದೂರ ಬಸ್ಸಿನಲ್ಲಿ ಕೂತು ಹೋದಿರಿ, ಬೆನ್ನುನೋವು ಹೇಗಿದೆ? ಶಾಖ ಕೊಟ್ಟುಕೊಳ್ಳುತ್ತಿದ್ದೀರಾ? ನನ್ನ ಫೋನು ಎತ್ತುತ್ತಿಲ್ಲ ನೀವು, ಅದಕ್ಕೇ ಈ ಕಾಗದ. ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ತಮ್ಮ ಚೆನ್ನಾಗಿದ್ದಾರೆ. ಅನ್ನನಾಳದ ಗಡ್ಡೆ ಪೂರ್ತಿ ಹೊರಗೆ ಬಂತು. ಈಗ ಕಣ್ಣೊರೆಸಿಕೊಂಡು ಉಳಿದದ್ದನ್ನು ನಿಧಾನವಾಗಿ ಓದಿ.

ಆಪರೇಶನ್ನಿನ ಹಿಂದಿನ ದಿನ ಡಾಕ್ಟರಮ್ಮ ಸ್ಕ್ಯಾನ್ ತೋರಿಸಿ ಹೇಳಿದ್ದು ನೆನಪಿದೆಯಲ್ಲ. ಲಿವರಿನ ಎಡಭಾಗಕ್ಕೆ ರಕ್ತ ಒಯ್ಯುವ ನಾಳ ಇವರಿಗೆ ಎಲ್ಲರಂತಿಲ್ಲ, ಜಠರದ ನಾಳದಿಂದ ಕವಲೊಡೆದಿದೆ. ಈ ಆಪರೇಶನ್ನಿನಲ್ಲಿ ಸಾಮಾನ್ಯವಾಗಿ ಬುಡದಲ್ಲೇ ಕತ್ತರಿಸುವುದು ಆ ಜಠರದ ನಾಳವನ್ನೇ, ಆಪರೇಶನ್ ಮಾಡುವುದು ರೋಬಾಟ್ ಯಂತ್ರದಿಂದ ಎಂದು. ಅದನ್ನು ಕೇಳಿಯೇ ನೀವು ಸಿಡಿದೆದ್ದಿರಿ. “ಒಳಗೆ ಎಲ್ಲಾ ಅದಲುಬದಲು ಅಂತ ಅವರೇ ಹೇಳ್ತಿದ್ದಾರೆ, ಅಂಥದ್ರಲ್ಲಿ ನನ್ನ ತಮ್ಮನ್ನ ಯಂತ್ರದ ಕೈಗೆ ಕೊಡ್ತೀಯಾ?” ಅಂದಿರಿ. “ಹಾಗಾದ್ರೆ ನೀವೇ ವಾಸಿ ಮಾಡಿ” ಅಂದೆ ನಾನು. ನೀವು ಚೀಲ ಹಿಡಿದು ಹೊರಟೇಬಿಟ್ಟಿರಿ. ಮಾರನೆಯ ಬೆಳಿಗ್ಗೆ ಒಪ್ಪಿಗೆಗೆ ನಾನೊಬ್ಬಳೇ ಸಹಿ ಹಾಕಿದೆ.

ಯಂತ್ರ ತಾನಾಗಿ ಏನೂ ಮಾಡುವುದಿಲ್ಲವಂತೆ ಅತ್ತಿಗೆ. ಅದೇ ಕೋಣೆಯ ಮೂಲೆಯಲ್ಲಿ ಡಾಕ್ಟರಮ್ಮ ಕೂತು, ಪೆಟ್ಟಿಗೆಯಂಥದ್ದರೊಳಗೆ ಕಣ್ಣಿಟ್ಟು ಬೆರಳು ಆಡಿಸಿದಂತೆ ಅದರ ಕೈಗಳು ಆಡುತ್ತವೆ. ನಾನು ಹೊರಗೆ ಕುರ್ಚಿಯಲ್ಲಿ ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ಕೊನೆಗೂ ಅವರು ಹೊರಗೆ ಬಂದರು, ಹಣೆಯ ಮೇಲೆ ಟೋಪಿಯ ಗೆರೆ ಇನ್ನೂ ಕೆಂಪಗಿತ್ತು. “ಬುಡದಲ್ಲೇ ಕತ್ತರಿಸಿದ್ರೆ ನಮಗೆ ಸುಲಭ ಇತ್ತು, ಆದ್ರೆ ಲಿವರಿನ ಎಡಭಾಗ ಉಳೀತಿತ್ತೋ ಇಲ್ವೋ. ಅದಕ್ಕೆ ನಾಳಕ್ಕೆ ಅಂಟಿದ್ದ, ರೋಗ ಹರಡಬಹುದಾದ ಸಣ್ಣ ಗಂಟುಗಳನ್ನ ಒಂದೊಂದಾಗಿ ಬಿಡಿಸಿದ್ವಿ. ಲಿವರಿನ ಕವಲು ದಾಟಿದ ಮೇಲೆ ಮಾತ್ರ ಕತ್ತರಿ ಹಾಕಿದ್ವಿ” ಅಂದರು. ಅವರ ಕೈ ಗಟ್ಟಿಯಾಗಿ ಹಿಡಿದುಕೊಂಡೆ. “ಬಿಡಿ ಅಮ್ಮಾ, ಡಾಕ್ಟ್ರು ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ” ಎಂದು ನರ್ಸ್ ಬಿಡಿಸಬೇಕಾಯಿತು.

ಆಮೇಲೂ ನನಗೆ ಸಮಾಧಾನವಿಲ್ಲ. ಲಿವರ್ ಕೆಟ್ಟರೆ ಕಣ್ಣು ಹಳದಿಯಾಗುತ್ತದೆ ಎಂದು ಯಾರೋ ಅಂದದ್ದೇ ತಡ, ಗಳಿಗೆಗೊಮ್ಮೆ ಇವರ ರೆಪ್ಪೆ ಎತ್ತಿ ನೋಡುವುದೇ ಕೆಲಸವಾಯಿತು. “ಕನ್ನಡಕದ ಅಂಗಡಿ ನಂದಾ, ನಿಂದಾ?” ಎಂದು ಆಪರೇಶನ್ ಆದಮೇಲೆ ಉಳಿದ ಒಡಕು ದನಿಯಲ್ಲೇ ರೇಗಿದರು. ರೇಗಿದ್ದು ಕೇಳಿ ಎಷ್ಟು ಹಾಯೆನಿಸಿತು ಗೊತ್ತಾ? ರಕ್ತಪರೀಕ್ಷೆಯಲ್ಲೂ ಲಿವರ್ ಸರಿಯಾಗಿದೆ ಎಂದೇ ಬಂತು. ನಿನ್ನೆ ಒಂದು ಚಮಚ ನೀರು ಕೊಟ್ಟರು. ಗುಟುಕು ಗಂಟಲಿನಿಂದ ಇಳಿಯುವವರೆಗೆ ನಾನು ಉಸಿರು ಬಿಡಲಿಲ್ಲ. ಕೆಮ್ಮಲಿಲ್ಲ, ಉಗುಳಲಿಲ್ಲ, “ಇನ್ನೊಂದು ಕೊಡು” ಅಂದರು. ಇಷ್ಟು ದಿನ ತಡೆದಿದ್ದ ಅಳು ಆಗ ಬಂತು ನೋಡಿ.

ಭಾವನವರಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಮುತ್ತು.

ಇಂತಿ,
ನೀವು ಜಗಳಗಂಟಿ ಅನ್ನುವ
ನಿಮ್ಮ ತಮ್ಮನ ಹೆಂಡತಿ

ಹೇಳಲೇಬೇಕಾದ್ದು ಉಳಿದೇಹೋಯಿತು: ಎಚ್ಚರವಾದ ಕೂಡಲೇ ಇವರು ಕೇಳಿದ್ದು “ಅಕ್ಕ ಎಲ್ಲಿ?” ಅಂತ. ನಮ್ಮ ಜಗಳ ಅವರಿಗೆ ಗೊತ್ತಿಲ್ಲ. “ಅತ್ತಿಗೆ ದಿನವಿಡೀ ನನ್ನ ಪಕ್ಕದಲ್ಲೇ ಕೂತಿದ್ದರು, ಈಗಷ್ಟೇ ಬಟ್ಟೆ ತರಲು ಹೋದರು” ಅಂದುಬಿಟ್ಟೆ. ಇವತ್ತು ಬೆಳಿಗ್ಗೆ, “ವಾರದಿಂದ ಬಟ್ಟೆ ತರ್ತಾನೇ ಇದ್ದಾಳಾ?” ಎಂದು ನನ್ನ ಮುಖವನ್ನೇ ನೋಡಿದರು. ಬೇಗ ಬಂದುಬಿಡಿ ಅತ್ತಿಗೆ. ಕೈಯಲ್ಲಿ ಬಟ್ಟೆ ಇರಲಿ.