ಮೊದಲ ನಲವತ್ತು ಸೆಕೆಂಡ್

ಜೂನ್ 3, ಮಂಗಳವಾರ

ಇವತ್ತು ಇನ್ನೂರ ಹನ್ನೆರಡು ಪುಟ ತೆಗೆದುಹಾಕಿದೆ. ಹಳೇ ಈರುಳ್ಳಿ ಧಾರಣೆ, ಮುಂದೂಡಿದ ಸಭೆ, ಪರಶುರಾಂಪುರದಲ್ಲಿ ಕಳೆದು ಸಿಕ್ಕಿದ ಕುರಿ. ಆರು ತಿಂಗಳಲ್ಲಿ ಐನೂರು ಸಲವೂ ತೆರೆಯದ ಪುಟ ನಮ್ಮ ಸುದ್ದಿ ವೆಬ್‌ಸೈಟಿನಲ್ಲಿ ಇರಬಾರದು. ನಿಯಮ ಬರೆದವಳು ನಾನೇ. ಕಂಟೆಂಟ್ ಸ್ಟ್ರಾಟಜಿ ಅಂದರೆ ಏನು ಹಾಕಬೇಕು ಅನ್ನುವುದು ಅರ್ಧ, ಏನು ಕಿತ್ತು ಬಿಸಾಡಬೇಕು ಅನ್ನುವುದು ಇನ್ನರ್ಧ. ಕೀಳುವುದರಲ್ಲಿ ಕೈ ಚೆನ್ನಾಗಿಯೇ ಪಳಗಿದೆ.

ಸಂಜೆ ಮಾಲೀಕ ಮಲ್ಲಿಕ್ ಬಾಗಿಲಲ್ಲಿ ಇಣುಕಿದರು. "ಇನ್ನೂ ಎಷ್ಟು ಐತೆ ಮೇಡಂ?" ಮೂರು ಸಾವಿರ ಅಂದೆ. ದಿನವಿಡೀ ಆಡಿದ ಮಾತು ಅದೊಂದೇ.

ಜೂನ್ 5

ಒಂದು ಪುಟ ಕೈ ತಡೆಯಿತು. ನಾಲ್ಕು ವರ್ಷ ಹಿಂದಿನದು. ಮೊಳಕಾಲ್ಮೂರಿನ ರೇಷ್ಮೆ ನೇಕಾರ ಕಾಮಣ್ಣ ಎಂಬುವವರ ವಿಡಿಯೊ, ಐದು ನಿಮಿಷ. ದಿನಕ್ಕೆ ಒಂದೇ ವಿಸಿಟ್. ಪ್ರತಿದಿನ ತಪ್ಪದೆ, ಬೆಳಿಗ್ಗೆ ಆರರಿಂದ ಆರೂಕಾಲರ ಒಳಗೆ. ನಲವತ್ತು ಸೆಕೆಂಡ್ ನೋಡಿ ಹೊರಟುಹೋಗುತ್ತಾರೆ.

ಯಾರಪ್ಪ ಇವರು... ನಿಯಮದ ಪ್ರಕಾರ ತೆಗೆಯಬೇಕು. ತೆಗೆಯಲಿಲ್ಲ.

ಜೂನ್ 11, ಬೆಳಿಗ್ಗೆ 6:20

ನಾನೂ ಆರಕ್ಕೆ ಎದ್ದು ಅದೇ ಪುಟ ತೆರೆದೆ. ಐದು ದಿನದಿಂದ ಇದೇ ಆಗಿದೆ. ಲೆಕ್ಕದಲ್ಲಿ ಎರಡು ತೋರಿಸುತ್ತದೆ. ಒಂದು ಅವರು, ಒಂದು ನಾನು. ಎಲ್ಲೋ ಇನ್ನೊಬ್ಬರು ಇದೇ ಹೊತ್ತಿಗೆ ಫೋನ್ ಹಿಡಿದು ಕೂತಿದ್ದಾರೆ. ಈ ಬಾಡಿಗೆ ಕೋಣೆಗೆ ಬಂದು ಮೂರು ವರ್ಷ. ಬೆಳಗಿನ ಕಾಫಿ ಯಾರದೋ ಜೊತೆಯಲ್ಲಿ ಕುಡಿದ ಹಾಗೆ ಅನ್ನಿಸಿದ್ದು ಇದೇ ಮೊದಲು. ನಗು ಬರುತ್ತದೆ, ಆದರೂ ನಿಜ.

ಜೂನ್ 13

ಮಲ್ಲಿಕ್ ಪಟ್ಟಿ ನೋಡಿ ಈ ಪುಟದ ಮೇಲೆ ಬೆರಳಿಟ್ಟರು.

"ಇದು ಯಾಕೆ ಉಳಿದೈತೆ?"

"ದಿನಾ ಒಬ್ಬರು ನೋಡ್ತಾರೆ ಸರ್."

"ಒಬ್ಬರಿಗೋಸ್ಕರ ಸರ್ವರ್ ಇಟ್ಕೊಳ್ಳಾಕಾಗ್ತದಾ? ಓಡೋ ಹಂಗೆ ಮಾಡ್ರಿ, ಇಲ್ಲಾ ತೆಗೀರಿ."

ಓಡುವ ಹಾಗೆ ಮಾಡುವುದು ನನ್ನ ಕೆಲಸ ತಾನೇ. ಆರು ಗಂಟೆಯ ಈ ಒಬ್ಬರು ನಲವತ್ತನೇ ಸೆಕೆಂಡಿಗೆ ಯಾಕೆ ಬಿಟ್ಟುಹೋಗುತ್ತಾರೆ? ಬೇಸರ, ಇನ್ನೇನು. ಮೊದಲ ನಲವತ್ತು ಸೆಕೆಂಡ್ ಬರೀ ಮಗ್ಗದ ಸದ್ದು. ಕಾಮಣ್ಣ ಒಳಗೆ ತಿರುಗಿ ನೀರು ಕೇಳುತ್ತಾರೆ, ಕುಡಿಯುತ್ತಾರೆ. ಆಮೇಲೆ ಮಾತು ಶುರು. ಪಾಪ, ದಿನಾ ಕಾಯುತ್ತಾರೆ, ಒಳ್ಳೆಯ ಭಾಗ ಬರುವಷ್ಟರಲ್ಲಿ ಸಾಕಾಗುತ್ತದೆ. ಅದನ್ನು ಕತ್ತರಿಸಿದರೆ ನೇರವಾಗಿ ಮಾತಿಗೇ ಬರಬಹುದು.

ಜೂನ್ 16, ಸೋಮವಾರ

ಮಾಡಿದೆ. ಹೊಸ ತಲೆಬರಹ, ಹೊಸ ಚಿತ್ರ, ಒಂದೂವರೆ ನಿಮಿಷದ ವಿಡಿಯೊ. ಹಳೆಯ ಫೈಲ್ ಅಳಿಸಿದೆ. ಬದಲಾದದ್ದರ ಹಳೇ ಪ್ರತಿ ಇಟ್ಟುಕೊಳ್ಳಬಾರದು, ಅದೂ ನನ್ನದೇ ನಿಯಮ. ಸಂಜೆಗೆ ಸಾವಿರದ ನೂರ ನಲವತ್ತು ಜನ. ಮಲ್ಲಿಕ್ ಚಹಾ ತರಿಸಿದರು. ಹಿಗ್ಗಿದೆ. ಆರು ಗಂಟೆಯ ಆ ಸ್ನೇಹಿತರಿಗೂ ಉಪಕಾರ ಮಾಡಿದೆ ಅಂದುಕೊಂಡೆ.

ಜೂನ್ 24

ಪುಟದ ಮೇಲಿನ ಜನಜಾತ್ರೆ ಮುಗಿಯಿತು. ಇವತ್ತು ಬೆಳಿಗ್ಗೆ ಆರರಿಂದ ಆರೂಕಾಲು: ಒಂದು.

ಆ ಒಂದು ನಾನು.

ಜೂನ್ 25

ನಾನು ತೆರೆಯಲಿಲ್ಲ. ಸೊನ್ನೆ.

ಜುಲೈ 1

ಸೊನ್ನೆ. ವಾರದಿಂದ ಹೀಗೇ. ಮೆಸ್ಸಿನಲ್ಲಿ ಅನ್ನ ಮುಂದಿಟ್ಟುಕೊಂಡು ಕೂತಾಗ ಹೊಳೆಯಿತು. ಕತ್ತರಿಸಿದ ಭಾಗದಲ್ಲಿ ಕಾಮಣ್ಣ ನೀರು ಕೇಳುವುದು ಸುಮ್ಮನೆ ಅಲ್ಲ, ಹೆಸರು ಹಿಡಿದು, ಮನೆಮಾತು ತೆಲುಗಿನಲ್ಲಿ. "ಯರ್ರಮ್ಮಾ, ಕೊಂಚೆಂ ನೀಳ್ಳು ತೇ." ಎಡಿಟ್ ಮಾಡುವಾಗ ಹತ್ತು ಸಲ ಕೇಳಿದ್ದೇನೆ. ಕಿವಿಗೆ ಬಿದ್ದಿತ್ತು, ತಲೆಗೆ ಇಳಿದಿರಲಿಲ್ಲ.

ನನಗೆ ಬುದ್ಧಿ ಇಲ್ಲ.

ಜುಲೈ 3, ಗುರುವಾರ

ರಜೆ ಹಾಕಿ ಮೊಳಕಾಲ್ಮೂರಿಗೆ ಹೋಗಿಬಂದೆ. ನೇಕಾರರ ಓಣಿಯಲ್ಲಿ ಕೇಳಿದೆ, ಎರಡನೇ ಮನೆಯವರೇ ತೋರಿಸಿದರು. ಮಗ್ಗದ ಮೇಲೆ ಹಳೇ ಪಂಚೆ ಹೊದಿಸಿದೆ. ಕಾಮಣ್ಣ ತೀರಿಕೊಂಡು ಒಂದೂವರೆ ವರ್ಷ. ಅವರ ಹೆಂಡತಿ ಯರ್ರಮ್ಮ ಚಾಪೆ ಹಾಸಿ ಕೂರಿಸಿದರು. ಯಾರೆಂದು ಹೇಳಿಕೊಂಡೆ. ತಪ್ಪು ನನ್ನದು ಅಂತಲೂ ಹೇಳಿದೆ.

"ಫೋನು ಕೆಟ್ಟೈತೆ ಅನ್ಕೊಂಡೆ ಕಣಮ್ಮ," ಅಂದರು. "ಮೊಮ್ಮಗಳು ಒತ್ತೋದು ಹೇಳಿಕೊಟ್ಟಿದ್ಲು. ಒತ್ತಿದ್ರೆ ಆಯಪ್ಪ ಬರ್ತಾನೆ, ಮಾತಾಡ್ತಾನೆ, ನನ್ನ ಕರೆಯೋದೇ ಇಲ್ಲ."

"ಮಾತು ಶುರುವಾಗೋಷ್ಟರಲ್ಲಿ ಬೇಸರ ಆಗಿ ಬಿಟ್ಟುಹೋಗ್ತೀರಿ ಅನ್ಕೊಂಡಿದ್ದೆ."

"ಅವು ಊರಿಗೆ ಹೇಳಿದ ಮಾತು. ಕರೆದದ್ದು ಒಂದೇ ನಂದು." ಮಗ್ಗದ ಮೇಲಿನ ಪಂಚೆ ಸರಿಪಡಿಸಿದರು. "ಅದನ್ನ ಕೇಳಿ, ಒಂದು ಲೋಟ ನೀರು ಕುಡಿದು, ಕೆಲಸಕ್ಕೆ ಏಳ್ತಿದ್ದೆ."

ಹುಡುಕುತ್ತೇನೆ ಅಂದೆ. "ಸಿಕ್ಕಿದ್ರೆ ಹಾಕಮ್ಮ. ನಾನು ಒತ್ತೋದು ಬಿಟ್ಟೀನಿ." ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊರಡುವಾಗ ಕೇಳದೆಯೇ ಒಂದು ಲೋಟ ನೀರು ತಂದುಕೊಟ್ಟರು. ಬಸ್ಸಿನಲ್ಲಿ ಅತ್ತುಬಿಟ್ಟೆ. ಮೂರು ವರ್ಷದಿಂದ ನನ್ನನ್ನೂ ಯಾರೂ ಹೆಸರು ಹಿಡಿದು ನೀರು ಕೇಳಿಲ್ಲ. ಆಫೀಸಿನಲ್ಲಿ ಮೇಡಂ, ಮೆಸ್ಸಿನಲ್ಲಿ ಮೂರನೇ ಟೇಬಲ್. ಕಾಂಚನಾ ಅನ್ನುವ ಹೆಸರು ಆಧಾರ್ ಕಾರ್ಡಿನಲ್ಲಿದೆ.

ಜುಲೈ 6, ಭಾನುವಾರ

ಆ ವಿಡಿಯೊವನ್ನು ಅಂದು ಚಿತ್ರೀಕರಿಸಿದ್ದ ಎರ್ರಿಸ್ವಾಮಿ ಈಗ ಪರಶುರಾಂಪುರದಲ್ಲಿ ಮದುವೆ ಫೋಟೊ ತೆಗೆಯುತ್ತಾರೆ. ಹೋದೆ. ಎರಡು ಹಾರ್ಡ್‌ಡಿಸ್ಕ್ ಜಾಲಾಡಿದೆವು, ನೂರಾರು ಮದುಮಕ್ಕಳು. ಮಧ್ಯಾಹ್ನ ಸಿಕ್ಕಿತು. ಪೂರ್ತಿ ಐದು ನಿಮಿಷ.

"ಶುರುದಾಗೆ ಏನೂ ಇಲ್ವಲ್ರೀ, ಕಟ್ ಮಾಡ್ಲಾ?" ಅಂದರು.

ಬೇಡ ಅಂದೆ. ಜೋರಾಗಿಯೇ ಅಂದೆನೇನೋ, ಬೆಚ್ಚಿದರು.

ಅಲ್ಲಿಂದಲೇ ಹಾಕಿದೆ. ಅದೇ ಪುಟ, ಹಳೇ ತಲೆಬರಹ. ಮಲ್ಲಿಕ್ ಏನು ಬೇಕಾದರೂ ಅನ್ನಲಿ. ಯರ್ರಮ್ಮನವರು ಕೊಟ್ಟಿದ್ದ ನಂಬರಿಗೆ ನಾಲ್ಕು ಸಲ ಫೋನ್ ಮಾಡಿದೆ. ಸ್ವಿಚ್ ಆಫ್.

ಜುಲೈ 7, ಬೆಳಿಗ್ಗೆ 5:55

ನಾನು ಆ ಪುಟ ತೆರೆಯುವುದಿಲ್ಲ. ಲೆಕ್ಕ ಮಾತ್ರ ನೋಡುತ್ತೇನೆ. ಕಾಫಿ ಮಾಡಿದೆ. ಆರಿತು.

6:04. ಸೊನ್ನೆ.

6:09. ಸೊನ್ನೆ. ಫೋನನ್ನೇ ಎತ್ತಿಟ್ಟಿರಬಹುದು. ನಾನು ಯಾರು ಅವರಿಗೆ...

6:13. ಸೊನ್ನೆ.

6:14. ಒಂದು. ನಾನಲ್ಲ. ನಾನು ಮುಟ್ಟಿಲ್ಲ. ಇನ್ನು ನಲವತ್ತು ಸೆಕೆಂಡ್ —