ಏಳನೆಯ ಸಾಲು

ಮಾರ್ಚ್ ೩, ಬೆಳಿಗ್ಗೆ ೫-೩೦
ಪ್ರಾರ್ಥನೆ ಮುಗಿಯಿತು. ನಲವತ್ತು ಹೆಸರು, ನಲವತ್ತು ಗುರುತು. ಶಾಲೆಯಿಂದ ತಂದ ಹಳೆಯ ಹಾಜರಿ ಪುಸ್ತಕವೇ ನನ್ನ ಪ್ರಾರ್ಥನೆಯ ಪುಸ್ತಕ; ಯಾರಿಗಾಗಿ ಬೇಡುತ್ತೇನೋ ಅವರ ಹೆಸರೆಲ್ಲ ಅದರ ಖಾಲಿ ಪುಟಗಳಲ್ಲಿ. ನಿವೃತ್ತಳಾದ ಮೇಲೆ ಒಂದು ದಿನವೂ ತಪ್ಪಿಸಿಲ್ಲ. ಏಳನೆಯ ಸಾಲನ್ನು ಮಾತ್ರ ಓದುವುದಿಲ್ಲ. ಅಲ್ಲಿ ತಂಗಿಯ ಹೆಸರು, ಮೇಲೆ ಕೆಂಪು ಗೆರೆ. ಅಮ್ಮ ಏಳು ತಿಂಗಳು ಹಾಸಿಗೆ ಹಿಡಿದಾಗ ಇತ್ತ ತಲೆ ಹಾಕದವಳು, ಮಣ್ಣು ಮಾಡುವ ದಿನ ಬಂದು ಎಲ್ಲರಿಗಿಂತ ಜೋರಾಗಿ ಅತ್ತಳು. ಅಂದು ಸಂಜೆ ಎಳೆದ ಗೆರೆ. ಹನ್ನೊಂದು ವರ್ಷವಾಯಿತು.

ಮಾರ್ಚ್ ೪
ತಂಗಿಯ ಮಗಳ ಫೋನ್. ಹೃದಯ ಸೋತಿದೆಯಂತೆ, ಆಸ್ಪತ್ರೆಯಲ್ಲಿದ್ದಾಳೆ. "ದೊಡ್ಡಮ್ಮಾ, ನೀವು ಪ್ರಾರ್ಥನೆ ಮಾಡಿದ್ರೆ ಸಾಕಂತೆ ಅಮ್ಮಂಗೆ."
"ಆಗಲಿ" ಎಂದೆ.
ಮಾಡಲಿಲ್ಲ.

ಮಾರ್ಚ್ ೯
ಪಾದ್ರಿಗಳು ಬಂದಿದ್ದರು. ಒಂದು ಕಾಲದ ನನ್ನ ಶಿಷ್ಯ. "ಟೀಚರ್, ನೀವು ಪ್ರಾರ್ಥನೆ ಶುರು ಮಾಡಿದ್ರೆ ದೇವರೂ ಬೆಂಚ್ ಮೇಲೆ ನಿಂತ್ಕೋಬೇಕು!" ಎಂದು ನಕ್ಕರು. ಆಮೇಲೆ ಮೆಲ್ಲಗೆ, "ಮೊನ್ನೆ ಚರ್ಚ್ ಪ್ರಾರ್ಥನೇಲಿ ತಂಗಿ ವಿಷಯ ಮಾತ್ರ ನಿಮ್ಮ ಬಾಯಲ್ಲಿ ಬರ್ಲೇ ಇಲ್ವಲ್ಲ..."
"ಚಹಾ ಆರ್ತಿದೆ, ಕುಡೀರಿ" ಎಂದೆ.
ದೇವರ ಕೃಪೆ ಯಾರ ಯೋಗ್ಯತೆಯನ್ನೂ ಕೇಳುವುದಿಲ್ಲವೆಂದು ಭಾನುವಾರದ ತರಗತಿಯಲ್ಲಿ ಈ ಮನುಷ್ಯನಿಗೆ ಬಾಯಿಪಾಠ ಮಾಡಿಸಿದವಳು ನಾನೇ. ತಪ್ಪಿದಾಗ ಕಿವಿ ಹಿಂಡಿದವಳೂ ನಾನೇ.

ಮಾರ್ಚ್ ೧೦, ಮಧ್ಯಾಹ್ನ
ಆಸ್ಪತ್ರೆಗೆ ಹೋದೆ. ಕರ್ತವ್ಯವೆಂದು, ಅಷ್ಟೇ. ಕೈ ಹಿಡಿದುಕೊಂಡಳು. ಬೆರಳುಗಳು ತಣ್ಣಗಿದ್ದವು.
"ಅಕ್ಕಾ, ನಿನ್ನ ಪುಸ್ತಕದಲ್ಲಿ ನಾನಿದೀನಲ್ಲ?"
"ಇದ್ದೀಯ."
"ಅದೊಂದೇ ಧೈರ್ಯ ಕಣೇ. ಅಮ್ಮನ್ನ ಹಾಗೆ ನೋಡೋಕೆ ಹೆದರ್ಕೊಂಡೆ... ಆಮೇಲೆ ದೇವರ ಹತ್ರ ಹೋಗೋಕೂ ಮುಖ ಇರ್ಲಿಲ್ಲ. ನನ್ನ ಪಾಲಿಂದೂ ಅಕ್ಕ ಬೇಡ್ಕೋತಾಳೆ ಅಂದ್ಕೊಂಡೇ ಇಷ್ಟು ವರ್ಷ ಕಳೆದೆ."
ಮಂಚದ ಕಂಬಿ ಹಿಡಿದು ನಿಂತೆ.

ಮಾರ್ಚ್ ೧೧, ಬೆಳಿಗ್ಗೆ ೫-೩೦
ಗೆರೆಯನ್ನು ಉಜ್ಜಿದೆ, ಕಾಗದವೇ ಹರಿಯಿತು. ಹೊಸ ಪುಟ ತೆಗೆದು ಅವಳ ಹೆಸರನ್ನೇ ಮೊದಲು ಬರೆದೆ. ಮೊಣಕಾಲೂರಿದೆ. ನಲವತ್ತು ಜನರಿಗಾಗಿ ನಿರರ್ಗಳವಾಗಿ ಹರಿಯುವ ನಾಲಿಗೆ ಇವಳಿಗಾಗಿ ಹೊರಳಲಿಲ್ಲ. ಬಂದದ್ದೆಲ್ಲ ದೂರು — ಕರ್ತನೇ, ಅವಳು ಬರಲಿಲ್ಲ, ಏಳು ತಿಂಗಳು ಬರಲಿಲ್ಲ...

೬-೧೦
ಬಾಯಿಗೆ ಬಾರದಿದ್ದರೆ ಇಲ್ಲಿಯೇ ಬರೆಯುತ್ತೇನೆ.
ಫೋನ್ ಬಡಿದುಕೊಳ್ಳುತ್ತಿದೆ. ಇಷ್ಟು ಬೆಳಿಗ್ಗೆ ಯಾರೂ ಸುಮ್ಮನೆ ಮಾಡುವುದಿಲ್ಲ. ಎತ್ತುವ ಮೊದಲು ಒಂದು ಸಲ, ಒಂದೇ ಒಂದು ಸಲ —
ಕರ್ತನೇ, ನನ್ನ ತಂಗಿ